ನೆಟ್ ಹೋಯ್ತು, ತಪ್ಪು ಯಾರದು?

ಅವತ್ತು ತಿಂಗಳ 20ನೇ ತಾರೀಖು. ಆಡಿಟರ್ ಆಫೀಸಿನಲ್ಲಿ ಆ ದಿನ ಹೇಗಿರುತ್ತದೆ ಅಂತ ಅಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೇ ದಿನ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಬಾಕಿಗೆ ಬಡ್ಡಿ ಬೇರೆ. ಸೆಮಿಸ್ಟರ್ ರಜೆಯಲ್ಲಿ ಹುಬ್ಬಳ್ಳಿಯ ಅಂಥದ್ದೊಂದು ಪುಟ್ಟ ಆಫೀಸಿಗೆ ನಾನು ಪಾರ್ಟ್‌ಟೈಮ್ ಸೇರಿಕೊಂಡಿದ್ದೆ. ಬೆಳಿಗ್ಗೆ ಒಳಗೆ ಕಾಲಿಟ್ಟರೆ ಎಲ್ಲರದ್ದೂ ಒಂದೇ ರಾಗ, ‘ನೆಟ್ ಬರ್ತಿಲ್ಲ!’

ಹತ್ತು ಕಂಪ್ಯೂಟರ್‌ಗಳಲ್ಲಿ ನಾಲ್ಕಕ್ಕೆ ನೆಟ್ ಇದೆ, ಆರಕ್ಕೆ ಇಲ್ಲ. ‘ನೆಲ ಒರೆಸುವಾಗ ಅಕ್ಕ ವೈರ್ ಎಳೆದಿರಬೇಕು’ ಎಂದರು ಒಬ್ಬರು. ಅಷ್ಟೇ ಸಾಕಾಯ್ತು. ಸರ್ ಅವರನ್ನು ಕರೆದು ಎಲ್ಲರೆದುರೇ ಬೈದರು. ‘ನಾ ಏನೂ ಮುಟ್ಟಿಲ್ರೀ ಸರ್’ ಎನ್ನುತ್ತಾ ಅಕ್ಕ ಬಕೆಟ್ ಹಿಡಿದು ನಿಂತಿದ್ದರು. ಆಮೇಲೆ ಸರ್ ನನ್ನತ್ತ ತಿರುಗಿ, ‘ಏನಪ್ಪಾ ಇಂಜಿನಿಯರ್, ನೋಡು’ ಎಂದರು.

ಓಎಸ್‌ಐ ಮಾಡೆಲ್‌ನ ಏಳು ಲೇಯರ್‌ಗಳನ್ನು ಬಾಯಿಪಾಠ ಮಾಡಿ ಪಾಸಾದವನು ನಾನು. ಆದರೂ ಲ್ಯಾಬ್‌ನಲ್ಲಿ ಮೇಷ್ಟ್ರು ಹೇಳಿದ್ದೊಂದು ನೆನಪಿತ್ತು: ಹತ್ತಿರದಿಂದ ಶುರು ಮಾಡಿ ದೂರಕ್ಕೆ ಹೋಗಬೇಕು. ಕೇಬಲ್ ನೋಡಿದೆ. ಗಟ್ಟಿಯಾಗಿದೆ, ಲೈಟ್ ಮಿನುಗುತ್ತಿದೆ. 127.0.0.1ಕ್ಕೆ ಪಿಂಗ್ ಮಾಡಿದೆ. ಇದು ಕಂಪ್ಯೂಟರ್ ತನ್ನನ್ನು ತಾನೇ ‘ಸರಿ ಇದ್ದೀಯಾ?’ ಎಂದು ಕೇಳಿಕೊಳ್ಳುವ ವಿಳಾಸ. ಉತ್ತರ ಬಂತು. ಆಮೇಲೆ ಐಪಿಕಾನ್ಫಿಗ್ ಹೊಡೆದೆ. ನೆಟ್ ಇರುವ ಕಂಪ್ಯೂಟರ್‌ಗಳ ವಿಳಾಸ 192.168.1ರಿಂದ ಶುರುವಾದರೆ, ಇಲ್ಲದವುಗಳದ್ದು 192.168.0ರಿಂದ! ಒಂದೇ ಆಫೀಸಿನಲ್ಲಿ ಎರಡು ಬೀದಿ ಹೇಗೆ ಹುಟ್ಟಿದವು?

ಇಂಥ ಆಫೀಸುಗಳಲ್ಲಿ ವಿಳಾಸ ಹಂಚುವುದು ರೂಟರ್ ಕೆಲಸ. ಕಂಪ್ಯೂಟರ್ ಆನ್ ಆದಾಗ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ. ಸಾಮಾನ್ಯವಾಗಿ ಮೊದಲು ಓಗೊಟ್ಟವರನ್ನೇ ನಂಬುತ್ತದೆ. ಅಂದರೆ ಇಲ್ಲೆಲ್ಲೋ ಇನ್ನೊಂದು ರೂಟರ್ ಇದೆ. ಬ್ರೌಸರ್‌ನಲ್ಲಿ 192.168.0.1 ಎಂದು ಟೈಪ್ ಮಾಡಿದೆ. ತೆರೆದುಕೊಂಡ ಲಾಗಿನ್ ಪುಟದ ಬಣ್ಣ, ಮಾಡೆಲ್ ನಂಬರ್ ನೋಡಿ ಎದೆ ಧಸಕ್ಕೆಂದಿತು. ಅದು ನನ್ನದೇ ರೂಟರ್!

ಹಿಂದಿನ ಸಂಜೆ ಮೊಬೈಲ್‌ಗೆ ವೈಫೈ ಸಿಗಲಿ ಅಂತ ರೂಮಿನಲ್ಲಿದ್ದ ಹಳೇ ರೂಟರ್ ತಂದು, ಟೇಬಲ್ ಕೆಳಗಿನ ಸ್ವಿಚ್‌ಗೆ ಸಿಕ್ಕಿಸಿದ್ದೆ. ಕೇಬಲ್ಲನ್ನು ವ್ಯಾನ್ ಪೋರ್ಟ್ ಬದಲು ಅವಸರದಲ್ಲಿ ಲ್ಯಾನ್ ಪೋರ್ಟ್‌ಗೆ ಚುಚ್ಚಿ, ‘ಉಳಿದದ್ದು ನಾಳೆ ನೋಡಿದರಾಯ್ತು’ ಅಂತ ಹೊರಟಿದ್ದೆ. ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಇಂಟರ್ನೆಟ್ ಸಂಪರ್ಕವೇ ಇಲ್ಲ, ಆದರೂ ಧಾರಾಳವಾಗಿ ವಿಳಾಸ ಹಂಚುತ್ತಿತ್ತು.

ಮೆಲ್ಲಗೆ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಆರೂ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ನೆಟ್ ಬಂತು. ‘ಭೇಷ್! ವೈರ್ ಲೂಸ್ ಆಗಿತ್ತಾ?’ ಅಂದರು ಸರ್. ‘ಹೂಂ’ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿತನಕ ಬಂದೂ ಇತ್ತು. ಬಾಗಿಲ ಬಳಿ ಅಕ್ಕ ಇನ್ನೂ ನಿಂತಿದ್ದರು. ‘ಇಲ್ಲ ಸರ್, ನನ್ನ ರೂಟರ್‌ನಿಂದ ಆಗಿದ್ದು’ ಎಂದೆ.

ಚೆನ್ನಾಗಿ ಬೈಸಿಕೊಂಡೆ. ರಿಟರ್ನ್‌ಗಳೆಲ್ಲ ಸಂಜೆಯೊಳಗೆ ಸಲ್ಲಿಕೆಯಾದವು. ಅಕ್ಕನಿಗೆ ಬೇರೆ ಯಾರೂ ಸಾರಿ ಹೇಳಲಿಲ್ಲ, ನಾನೇ ಹೋಗಿ ಹೇಳಿದೆ. ‘ಇರ್ಲಿ ಬಿಡು ತಮ್ಮಾ, ಚಾ ಕುಡೀತಿಯೇನು?’ ಅಂದರು.

ಈಗ ಹಾಸ್ಟೆಲ್‌ನಲ್ಲಿ ಯಾರ ನೆಟ್ ಹೋದರೂ ಕರೆಯುವುದು ನನ್ನನ್ನೇ. ಹೋದ ತಕ್ಷಣ 127.0.0.1ಕ್ಕೆ ಪಿಂಗ್ ಮಾಡುತ್ತೇನೆ. ‘ಅದರಿಂದ ಶುರು ಮಾಡ್ತೀಯಲ್ಲ, ಯಾಕೋ?’ ಅಂತ ಗೆಳೆಯರು ಕೇಳುತ್ತಾರೆ. ಬೇರೆಯವರನ್ನು ಅನುಮಾನಿಸುವ ಮೊದಲು ನಮ್ಮನ್ನು ನಾವೇ ಒಮ್ಮೆ ಕೇಳಿಕೊಳ್ಳಬೇಕು, ಅದಕ್ಕೇ ಕಣ್ರೋ!