ಫುಟ್‌ಪಾತ್‌ಗೆ ದುಡ್ಡು ಕೊಡೋದು ಯಾರು?

ಹಿಂಜವಡಿಯಲ್ಲಿ ಆಫೀಸು, ಬಾಣೇರ್‌ನಲ್ಲೋ ವಾಕಡ್‌ನಲ್ಲೋ ಮನೆ. ಪುಣೆಯಲ್ಲಿರೋ ನಮ್ಮವರಲ್ಲಿ ಸುಮಾರು ಜನರ ಕಥೆ ಇದೇ. ಸೈಕಲ್ಲಲ್ಲಿ ಹೋಗೋಣ ಅಂತ ಹೊರಟ್ರೆ ಯಾವ ದಾರಿಯೂ ಕೊನೇವರೆಗೆ ಒಂದೇ ಥರ ಇರಲ್ಲ. ಬಾಣೇರ್ ಪುಣೆ ಕಾರ್ಪೊರೇಷನ್ನಿಗೆ ಸೇರಿದ್ದು, ವಾಕಡ್ ಪಿಂಪ್ರಿ-ಚಿಂಚವಾಡಕ್ಕೆ, ಐಟಿ ಪಾರ್ಕ್ ಕಟ್ಟಿದ್ದು ಎಂಐಡಿಸಿ. ರಸ್ತೆ ಒಂದೇ, ಜೇಬು ಮೂರು.

1992ರ 74ನೇ ಸಂವಿಧಾನ ತಿದ್ದುಪಡಿಯ ಪಟ್ಟಿಯಲ್ಲಿ 'ರಸ್ತೆ ಮತ್ತು ಸೇತುವೆ' ಸ್ಥಳೀಯ ಸಂಸ್ಥೆಗಳ ಕೆಲಸ ಅಂತಿದೆ. ಕೆಲಸವೇನೋ ಕೊಟ್ರು, ದುಡ್ಡು? ಪುಣೆಗೆ ಆಸ್ತಿ ತೆರಿಗೆ ಇದೆ, ಕಟ್ಟಡ ಅನುಮತಿಯ ಶುಲ್ಕ ಇದೆ. ಹಿಂದೆ ಆಕ್ಟ್ರಾಯ್ ಇತ್ತು. 2013ರಲ್ಲಿ ಅದರ ಜಾಗಕ್ಕೆ ಎಲ್‌ಬಿಟಿ ಬಂತು, 2017ರಲ್ಲಿ ಜಿಎಸ್‌ಟಿ ಬಂದಾಗ ಅದೂ ಹೋಯ್ತು. ಈಗ ಆ ಪಾಲಿಗೆ ರಾಜ್ಯ ಸರ್ಕಾರದ ಪರಿಹಾರಕ್ಕೆ ಕಾಯಬೇಕು.

ಹಾಗಾಗಿ ದೊಡ್ಡ ಕೆಲಸ ಆಗೋದು ಯೋಜನೆಯ ದುಡ್ಡಲ್ಲಿ. 2005ರ ಡಿಸೆಂಬರ್‌ನಲ್ಲಿ ಶುರುವಾದ ಜೆನರ್ಮ್‌ನಲ್ಲಿ ಪುಣೆಯಷ್ಟು ದೊಡ್ಡ ಊರಿಗೆ ಕೇಂದ್ರ 50%, ರಾಜ್ಯ 20%, ಕಾರ್ಪೊರೇಷನ್ 30% ಹಾಕಬೇಕಿತ್ತು. ಬಿಆರ್‌ಟಿ ರಸ್ತೆಗಳ ಪಕ್ಕ ಸೈಕಲ್ ಟ್ರ್ಯಾಕ್ ಬಂತು. ಆಮೇಲೆ 2015ರ ಸ್ಮಾರ್ಟ್ ಸಿಟಿ: ಪ್ರತಿ ಊರಿಗೆ ಐದು ವರ್ಷಕ್ಕೆ ಕೇಂದ್ರದಿಂದ 500 ಕೋಟಿವರೆಗೆ, ಅಷ್ಟೇ ಮೊತ್ತ ರಾಜ್ಯ-ಕಾರ್ಪೊರೇಷನ್ ಸೇರಿ. ಔಂಧ್‌ನಲ್ಲಿ ಫುಟ್‌ಪಾತ್ ಅಗಲ ಆಯ್ತು. 2025ರ ಮಾರ್ಚ್ 31ಕ್ಕೆ ಆ ಯೋಜನೆಯೂ ಮುಗೀತು.

ಇವೆಲ್ಲ ಕಟ್ಟೋಕೆ ಕೊಡೋ ದುಡ್ಡು ಸ್ವಾಮಿ, ನೋಡ್ಕೊಳ್ಳೋಕಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ರಿಲೀಸ್‌ಗೆ ಬಜೆಟ್ ಇದೆ, ಸಪೋರ್ಟ್‌ಗೆ ಇಲ್ಲ. ಕಿತ್ತ ಟೈಲ್ಸ್ ಕೂರಿಸೋದು, ಕೇಬಲ್‌ಗೆ ಅಗೆದ ಗುಂಡಿ ಮುಚ್ಚೋದು ಎಲ್ಲಾ ಕಾರ್ಪೊರೇಷನ್ನಿನ ಮಾಮೂಲಿ ಖರ್ಚಿಂದಲೇ ಬರಬೇಕು. ಆ ಸಾಲಿನಲ್ಲಿ ಮೊದಲ ಸರದಿ ಡಾಂಬರಿನದು. ಸೈಕಲ್ ಟ್ರ್ಯಾಕ್ ಅಷ್ಟೊತ್ತಿಗೆ ಪಾರ್ಕಿಂಗ್ ಆಗಿರತ್ತೆ.

ಚೆನ್ನೈ ಬೇರೆ ದಾರಿ ಹಿಡೀತು. 2014ರಲ್ಲಿ ಅಲ್ಲಿನ ಕಾರ್ಪೊರೇಷನ್ ಸಾರಿಗೆ ಬಜೆಟ್ಟಿನ ಕನಿಷ್ಠ 60% ನಡೆಯೋರಿಗೆ, ಸೈಕಲ್ಲಿನವರಿಗೆ ಅಂತ ನೀತಿಯಲ್ಲೇ ಬರೆದುಕೊಳ್ತು. ಬರೆದಷ್ಟೂ ಖರ್ಚಾಯ್ತಾ ಅನ್ನೋದು ಬೇರೆ ಮಾತು, ಆದ್ರೆ ಹಿಡಿದು ಕೇಳೋಕೆ ಒಂದು ಸಂಖ್ಯೆಯಾದ್ರೂ ಸಿಕ್ತು.

ಪುಣೆಯಲ್ಲೂ ಒಂದು ಕಿಟಕಿ ಇದೆ, ನಮ್ಮವರು ಇಣುಕೋದೇ ಅಪರೂಪ. 2006ರಿಂದ ಇಲ್ಲಿನ ಕಾರ್ಪೊರೇಷನ್ ಬಜೆಟ್ಟಿಗೆ ನಿವಾಸಿಗಳು ಸಣ್ಣ ಕೆಲಸಗಳನ್ನ ಸೂಚಿಸಬಹುದು. ಫುಟ್‌ಪಾತ್ ರಿಪೇರಿ ಅಂಥದ್ದೇ. ಮರಾಠಿ ಬರಲ್ಲ ಅಂತ ಕೂರಬೇಡಿ, ಸೊಸೈಟಿಯಲ್ಲಿ ಯಾರಾದ್ರೂ ಬರೆದುಕೊಡ್ತಾರೆ. ಹೊಸದು ಕಟ್ಟಿ ಅಂತ ಬರೀಬೇಡಿ. ಯಾವ ಗೇಟಿನಿಂದ ಯಾವ ಬಸ್ ಸ್ಟಾಪಿನವರೆಗೆ, ಏನು ಕಿತ್ತುಹೋಗಿದೆ, ಅಷ್ಟು ಬರೆದು ಫೋಟೋ ಇಡಿ.