ಇಸಾಂಪುರದ ಕಲ್ಲುಗಣಿ ಮತ್ತು ಆದಿಮಾನವರ ಬದುಕು

ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಳೆಯ ಶಿಲಾಯುಗದ ಮಾನವರು ಬದುಕಿದ್ದ ಇನ್ನೂರರಷ್ಟು ನೆಲೆಗಳು ಗುರುತಾಗಿವೆ. ಸುಮಾರು 500 ಚದರ ಕಿಲೋಮೀಟರ್ ವಿಸ್ತಾರದ ಈ ತಗ್ಗು ಪ್ರದೇಶವನ್ನು ಸುಣ್ಣಕಲ್ಲಿನ ದಿಬ್ಬಗಳು ಸುತ್ತುವರಿದಿವೆ. ಮಳೆಯ ನೀರು ಹಳ್ಳಗಳಲ್ಲಿ ಹರಿದು ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ಆದಿಮಾನವರ ಇಷ್ಟೊಂದು ಕುರುಹುಗಳು ಇಷ್ಟು ಒತ್ತಾಗಿ, ಇಷ್ಟು ಕಡಿಮೆ ಕದಲಿ ಉಳಿದಿರುವ ಜಾಗಗಳು ಭಾರತದಲ್ಲಿ ತೀರ ವಿರಳ.

ಭಾರತದ ಪ್ರಾಗೈತಿಹಾಸಿಕ ಶೋಧನೆ ಶುರುವಾದದ್ದು 1863ರಲ್ಲಿ. ಆ ವರ್ಷ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಅವರಿಗೆ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಉಪಕರಣ ಸಿಕ್ಕಿತು. ಮುಂದೆ ಅವರು ಕರ್ನಾಟಕದ ಬಯಲುಸೀಮೆಯಲ್ಲೂ ಅಲೆದು ಅನೇಕ ನೆಲೆಗಳನ್ನು ದಾಖಲಿಸಿದರು. ಹುಣಸಗಿ ಕಣಿವೆ ವಿದ್ವತ್ ಲೋಕಕ್ಕೆ ಪರಿಚಯವಾದದ್ದು ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರಿಂದ. ಅವರು ದಶಕಗಳ ಕಾಲ ಹೊಲ, ಹಳ್ಳ, ದಿಬ್ಬಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಕಲ್ಲುಗಳನ್ನು ಹುಡುಕಿದರು. ಯಾವ ಕಲ್ಲು ಎಲ್ಲಿ ಸಿಕ್ಕಿತು, ಅಲ್ಲಿಂದ ನೀರು ಎಷ್ಟು ದೂರ ಎಂಬುದನ್ನೆಲ್ಲ ಗುರುತು ಹಾಕಿಕೊಂಡರು. ಒಂದೇ ಕಡೆ ಆಳವಾಗಿ ಅಗೆಯುವುದಕ್ಕಿಂತ ಇಡೀ ಕಣಿವೆಯನ್ನು ಒಂದು ಬದುಕಿನ ಆವರಣವಾಗಿ ನೋಡುವ ಈ ಕ್ರಮ ಭಾರತೀಯ ಪುರಾತತ್ತ್ವಕ್ಕೆ ಅವರು ಕೊಟ್ಟ ದೊಡ್ಡ ಕೊಡುಗೆ.

ಈ ನೆಲೆಗಳಲ್ಲಿ ಅತ್ಯಂತ ಮಹತ್ವದ್ದು ಇಸಾಂಪುರ. ನೀರಾವರಿ ಕಾಮಗಾರಿಗೆಂದು ಮೇಲಿನ ಮಣ್ಣನ್ನು ತೆಗೆದಾಗ ಅಡಿಯಲ್ಲಿದ್ದ ಸುಣ್ಣಕಲ್ಲಿನ ಹಾಸು ಬಯಲಾಯಿತು. ಅದರ ಮೇಲೆ ಕೈಕೊಡಲಿಗಳು, ಅರ್ಧ ಕೆತ್ತಿದ ಹಲಗೆಗಲ್ಲುಗಳು, ರಾಶಿ ರಾಶಿ ಚಕ್ಕೆಗಳು ಬಿದ್ದಿದ್ದವು. 1990ರ ದಶಕದ ಕೊನೆಯಲ್ಲಿ ಪದ್ದಯ್ಯ ಮತ್ತು ಅಮೆರಿಕದ ಮೈಕಲ್ ಪೆಟ್ರಾಗ್ಲಿಯಾ ಅವರ ತಂಡ ಇಲ್ಲಿ ಉತ್ಖನನ ನಡೆಸಿತು. ಆದಿಮಾನವರು ಕಲ್ಲನ್ನು ಎಬ್ಬಿಸಿ ಅಲ್ಲೇ ಉಪಕರಣ ಮಾಡುತ್ತಿದ್ದ ಗಣಿ ಇದು ಎಂಬುದು ಆಗ ಖಚಿತವಾಯಿತು. ಇಲ್ಲಿಯ ಸುಣ್ಣಕಲ್ಲು ಭೀಮಾ ಶಿಲಾಸಮೂಹಕ್ಕೆ ಸೇರಿದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಇದೇ ಬಳಗದ್ದು. ಪದರು ಪದರಾಗಿ ಏಳುವ ಈ ಕಲ್ಲನ್ನು ಬಿರುಕಿನಲ್ಲಿ ಮೀಟಿದರೆ ಚಪ್ಪಟೆಯಾದ ಹಲಗೆಗಳು ಸಿಗುತ್ತವೆ. ಆ ಅನುಕೂಲವನ್ನು ಆದಿಮಾನವರು ಚೆನ್ನಾಗಿ ಅರಿತಿದ್ದರು.

ಮನುಷ್ಯ ಒಡೆದ ಕಲ್ಲನ್ನೂ ತಾನಾಗಿ ಒಡೆದ ಕಲ್ಲನ್ನೂ ಬೇರ್ಪಡಿಸುವುದು ತಜ್ಞರ ಮೊದಲ ಕೆಲಸ. ಕಲ್ಲಿನ ಅಂಚಿಗೆ ಸರಿಯಾದ ಕೋನದಲ್ಲಿ ಬಲವಾಗಿ ಹೊಡೆದರೆ ಒಂದು ಚಕ್ಕೆ ಹಾರುತ್ತದೆ. ಆ ಚಕ್ಕೆಯ ಒಳಮೈಯಲ್ಲಿ, ಪೆಟ್ಟು ಬಿದ್ದ ಜಾಗದ ಕೆಳಗೆ, ಚಿಕ್ಕ ಉಬ್ಬು ಮೂಡಿರುತ್ತದೆ. ಅಲ್ಲಿಂದ ನೀರಿನ ಅಲೆಗಳಂಥ ಸಣ್ಣ ಗೆರೆಗಳು ಹರಡಿರುತ್ತವೆ. ತಾಯಿಗಲ್ಲಿನ ಮೇಲೆ ಅದಕ್ಕೆ ಸರಿಹೊಂದುವ ತಗ್ಗು ಉಳಿಯುತ್ತದೆ. ಬಿಸಿಲಿಗೆ ಬಿರಿದ ಅಥವಾ ಪ್ರವಾಹದಲ್ಲಿ ಉರುಳಿದ ಕಲ್ಲಿನಲ್ಲೂ ಎಲ್ಲೋ ಒಂದೆರಡು ಇಂಥ ಗುರುತು ಕಾಣಬಹುದು. ಆದರೆ ಕಲ್ಲಿನ ಎರಡೂ ಮಗ್ಗುಲಿನಿಂದ ಒಂದರ ಬೆನ್ನಿಗೊಂದರಂತೆ ಚಕ್ಕೆ ಎಬ್ಬಿಸಿ, ಒಂದೇ ಅಂಚನ್ನು ಹರಿತ ಮಾಡುವುದು ಕೈಯ ಮತ್ತು ಮನಸ್ಸಿನ ಕೆಲಸವೇ ಹೊರತು ಬೇರೆಯಲ್ಲ.

ಮ್ಯೂಸಿಯಂಗಳಲ್ಲಿ ಜನ ನಿಂತು ನೋಡುವುದು ಸುಂದರವಾದ ಕೈಕೊಡಲಿಯನ್ನು. ಇಸಾಂಪುರದಲ್ಲಿ ಹೆಚ್ಚು ಮಾತಾಡುವುದು ಕಸ. ಚಕ್ಕೆಗಳು ದೊಡ್ಡದರಿಂದ ತೀರ ಸಣ್ಣ ಚೂರುಗಳವರೆಗೆ ಒಟ್ಟಿಗೇ ಸಿಕ್ಕಿವೆ. ನೀರಿನಲ್ಲಿ ಕೊಚ್ಚಿಕೊಂಡು ಬಂದಿದ್ದರೆ ಹಗುರ ಚೂರುಗಳು ಮೊದಲು ಹೋಗಿಬಿಡುತ್ತಿದ್ದವು. ಹಾಗಾಗದೆ ಉಳಿದಿರುವುದರಿಂದ ಆ ಕೆಲಸ ಅಲ್ಲೇ ನಡೆಯಿತು ಎನ್ನಬಹುದು. ಕೆಲವು ಹಲಗೆಗಳಿಂದ ಒಂದೆರಡು ಚಕ್ಕೆ ತೆಗೆದು ಬಿಟ್ಟಿದ್ದಾರೆ. ಕೆಲವನ್ನು ಮುಕ್ಕಾಲು ಪಾಲು ಕೆತ್ತಿದ್ದಾರೆ. ಹೊಡೆಯಲು ಬಳಸಿದ ಗುಂಡುಕಲ್ಲುಗಳೂ ಜೊತೆಗಿವೆ. ಅವುಗಳಲ್ಲಿ ಬೆಣಚುಶಿಲೆ, ಬಸಾಲ್ಟ್‌ನಂಥ ಗಟ್ಟಿ ಜಾತಿಯವೂ ಇವೆ. ಸುಣ್ಣಕಲ್ಲನ್ನು ಒಡೆಯಲು ಅದಕ್ಕಿಂತ ಗಟ್ಟಿಯಾದ ಕಲ್ಲು ಬೇಕು ಎಂದು ತಿಳಿದು, ಅದನ್ನು ಬೇರೆಡೆಯಿಂದ ಆರಿಸಿ ತಂದವರು ಅವರು. ಮುಂದಾಲೋಚನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಸಂಶೋಧಕರು ತಾವೂ ಕಲ್ಲನ್ನು ಕೆತ್ತಿ ಪ್ರಯೋಗ ಮಾಡಿದ್ದಾರೆ. ಹಾಗೆ ಬಿದ್ದ ಚಕ್ಕೆಗಳನ್ನು ಹಳೆಯ ಚಕ್ಕೆಗಳೊಡನೆ ಹೋಲಿಸಿ ಕೆಲಸದ ಹಂತಗಳನ್ನು ಗುರುತಿಸಿದ್ದಾರೆ.

ಇಷ್ಟು ಹಳೆಯ ನೆಲೆಗೆ ಕಾಲ ಹೇಳುವುದು ಸುಲಭವಲ್ಲ. ರೇಡಿಯೊ ಕಾರ್ಬನ್ ವಿಧಾನ ಸುಮಾರು 50 ಸಾವಿರ ವರ್ಷಗಳಾಚೆಗೆ ನಡೆಯದು. ಕಾರ್ಬನ್ 14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತ ಹೋಗಿ, ಅಳೆಯುವಷ್ಟು ಉಳಿದಿರುವುದಿಲ್ಲ. ಇದೇ ಕಣಿವೆಯ ಸದಬ ಮತ್ತು ತೆಗ್ಗಿಹಳ್ಳಿಯ ಪ್ರಾಣಿಗಳ ಹಲ್ಲುಗಳನ್ನು ಯುರೇನಿಯಂ–ಥೋರಿಯಂ ವಿಧಾನದಿಂದ ಪರೀಕ್ಷಿಸಿದಾಗ ಸುಮಾರು 2.9 ಲಕ್ಷ ವರ್ಷದಿಂದ 3.5 ಲಕ್ಷ ವರ್ಷಕ್ಕೂ ಮೇಲ್ಪಟ್ಟ ಕಾಲ ಬಂತು. 3.5 ಲಕ್ಷ ಎಂಬುದು ಅಂದು ಆ ವಿಧಾನದ ಅಳತೆಯ ಕೊನೆ. ಆದ್ದರಿಂದ ಅದಕ್ಕಿಂತ ಹಳೆಯದು ಎಂದಷ್ಟೇ ಹೇಳಲು ಸಾಧ್ಯವಿತ್ತು.

ಇಸಾಂಪುರದಲ್ಲಿ ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನವನ್ನು ಬಳಸಲಾಯಿತು. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ ಹೂತುಹೋದ ಹಲ್ಲಿನ ಎನಾಮಲ್ ಮೇಲೆ ಸದಾ ಬೀಳುತ್ತಿರುತ್ತದೆ. ಅದರಿಂದ ಎನಾಮಲ್‌ನ ಹರಳುಗಳೊಳಗೆ ಎಲೆಕ್ಟ್ರಾನ್‌ಗಳು ಸಿಕ್ಕಿಬಿದ್ದು ವರ್ಷ ವರ್ಷ ಕೂಡುತ್ತ ಹೋಗುತ್ತವೆ. ಕೂಡಿದ ಒಟ್ಟು ಪ್ರಮಾಣವನ್ನು ವರ್ಷಕ್ಕೆ ಬೀಳುವ ವಿಕಿರಣದಿಂದ ಭಾಗಿಸಿದರೆ ವಯಸ್ಸು ಸಿಗುತ್ತದೆ. ಇಸಾಂಪುರದ ದನದ ಜಾತಿಯ ಪ್ರಾಣಿಯ ಹಲ್ಲುಗಳು ಸುಮಾರು 12 ಲಕ್ಷ ವರ್ಷ ಹಳೆಯವು ಎಂದು ಈ ಲೆಕ್ಕ ಹೇಳಿತು. ಹಲ್ಲು ಮಣ್ಣಿನಿಂದ ಯುರೇನಿಯಂ ಹೀರಿಕೊಂಡದ್ದು ಬೇಗನೋ ನಿಧಾನವಾಗಿಯೋ ಎಂಬುದರ ಮೇಲೆ ಉತ್ತರ ಹಿಂದೆಮುಂದೆ ಆಗುವುದರಿಂದ ಈ ಸಂಖ್ಯೆಯನ್ನು ಎಚ್ಚರದಿಂದಲೇ ಹಿಡಿಯಬೇಕು. ಆದರೂ ಅದು ಒಂಟಿಯಲ್ಲ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಇದೇ ಬಗೆಯ ಉಪಕರಣಗಳಿಗೆ, ತೀರ ಬೇರೆ ವಿಧಾನದಿಂದ, ಸುಮಾರು 15 ಲಕ್ಷ ವರ್ಷ ಎಂಬ ಕಾಲ ಸಿಕ್ಕಿದೆ. ಅಶೂಲಿಯನ್ ಎಂದು ಕರೆಯುವ ಈ ಉಪಕರಣ ಪರಂಪರೆಯ ಅತಿ ಹಳೆಯ ಮಾದರಿಗಳು ಆಫ್ರಿಕದವು. ಅವು ಕಡಿಮೆಯೆಂದರೂ ಸುಮಾರು 17.6 ಲಕ್ಷ ವರ್ಷ ಹಿಂದಿನವು.

ಕಲ್ಲು ಮತ್ತು ಎಲುಬುಗಳಿಂದ ಬದುಕಿನತ್ತ ಹೋಗಲು ಪದ್ದಯ್ಯನವರು ಇನ್ನೊಂದು ದಾರಿ ಹಿಡಿದರು. ಕಣಿವೆಯಲ್ಲಿ ಈಗಿನ ಜನ ಬಳಸುವ ಕಾಡುಗಡ್ಡೆ, ಹಣ್ಣು, ಸೊಪ್ಪು, ಬೇಟೆಯ ಪ್ರಾಣಿಗಳು ಯಾವುವು, ಯಾವ ಕಾಲದಲ್ಲಿ ಸಿಗುತ್ತವೆ ಎಂದು ವಿಚಾರಿಸಿ ಪಟ್ಟಿ ಮಾಡಿದರು. ಬೇಸಿಗೆಯಲ್ಲೂ ನೀರು ಜಿನುಗುವ ಸೆಲೆಗಳು ಎಲ್ಲಿವೆ ಎಂದು ಗುರುತಿಸಿದರು. ಬೇಸಿಗೆಯಲ್ಲಿ ಗುಂಪುಗಳೆಲ್ಲ ಈ ಸೆಲೆಗಳ ಬಳಿ ಕೂಡುತ್ತಿದ್ದವು, ಆಗ ದೊಡ್ಡ ಪ್ರಾಣಿಗಳ ಬೇಟೆ ಮುಖ್ಯವಾಗಿತ್ತು, ಮಳೆ ಬಿದ್ದ ಮೇಲೆ ನೀರೂ ಸಸ್ಯಾಹಾರವೂ ಎಲ್ಲೆಡೆ ಸಿಗುವುದರಿಂದ ಸಣ್ಣ ಗುಂಪುಗಳಾಗಿ ಚದುರುತ್ತಿದ್ದವು ಎಂಬುದು ಅವರ ಊಹೆ. ಹನ್ನೆರಡು ಲಕ್ಷ ವರ್ಷಗಳ ಹಿಂದಿನ ಹವಾಮಾನ ಈಗಿನಂತೆಯೇ ಇತ್ತೆನ್ನಲಾಗದು. ಆದರೂ ನೆಲೆಗಳು ಹಂಚಿಕೊಂಡಿರುವ ರೀತಿಗೆ ಈ ಊಹೆ ಚೆನ್ನಾಗಿ ಹೊಂದುತ್ತದೆ.

ಆ ಜನ ಯಾರು ಎಂಬ ಪ್ರಶ್ನೆಗೆ ಮಾತ್ರ ಕಣಿವೆ ಉತ್ತರ ಕೊಟ್ಟಿಲ್ಲ. ಅವರ ಒಂದು ಎಲುಬೂ ಅಲ್ಲಿ ಸಿಕ್ಕಿಲ್ಲ. ಭಾರತದಲ್ಲಿ ಸಿಕ್ಕ ಪ್ರಾಚೀನ ಮಾನವ ತಲೆಬುರುಡೆಯ ಹೆಸರಾಂತ ಉದಾಹರಣೆ 1982ರಲ್ಲಿ ನರ್ಮದಾ ದಂಡೆಯ ಹಥ್ನೋರಾದಲ್ಲಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕದ್ದು. ಅದು ಇಸಾಂಪುರಕ್ಕಿಂತ ಬಹಳ ಈಚಿನದು. ಕಾಲ ಮತ್ತು ಉಪಕರಣಗಳನ್ನು ನೋಡಿ ಇಸಾಂಪುರದವರು ಹೋಮೋ ಎರೆಕ್ಟಸ್ ಜಾತಿಯವರಿರಬೇಕೆಂದು ಭಾವಿಸಲಾಗಿದೆ.

ಕಾಲುವೆ ನೀರು ಬಂದ ಮೇಲೆ ಈ ಭಾಗದ ಒಣಭೂಮಿ ಭತ್ತದ ಗದ್ದೆಯಾಗಿದೆ. ರೈತರಿಗೆ ಅದು ದೊಡ್ಡ ಆಸರೆ. ಆದರೆ ಗದ್ದೆಗಾಗಿ ನೆಲ ಮಟ್ಟ ಮಾಡುವಾಗ ಕಲ್ಲುಗಳು ಬಿದ್ದಲ್ಲಿಂದ ಕದಲಿದರೆ ಅವು ಹೇಳುತ್ತಿದ್ದ ಸಂಗತಿಯೂ ಅಳಿಸಿಹೋಗುತ್ತದೆ. ಇಸಾಂಪುರದ ನೆಲೆ ಮುಕ್ಕಾಲು ಹೆಕ್ಟೇರ್‌ನಷ್ಟಿದ್ದು, ಅಗೆದಿರುವುದು ಅದರಲ್ಲಿ ತೀರ ಸಣ್ಣ ಪಾಲು.