ಲೇಬಲ್ ಮೇಲೆ ಕಾಂಗರೂ, ಬಾಟಲಿಯೊಳಗೆ ಯಾರ ದ್ರಾಕ್ಷಿ?

ಕಳೆದ ವರ್ಷ ನಮ್ಮ ದ್ರಾಕ್ಷಿ ಜ್ಯೂಸ್ ಬಾಟಲಿಗಳನ್ನು ಬೆಂಗಳೂರಿನ ಒಂದು ಸಾವಯವ ಸಂತೆಯಲ್ಲಿ ಜೋಡಿಸಿಕೊಂಡು ನಿಂತಿದ್ದೆ. ಈಗಷ್ಟೇ ಕೆಲಸಕ್ಕೆ ಸೇರಿರಬಹುದು ಅನ್ನೋ ವಯಸ್ಸಿನ ಹುಡುಗಿಯೊಬ್ಬಳು ಬಾಟಲಿ ಎತ್ತಿಕೊಂಡು ತಿರುಗಿಸಿ ನೋಡಿದಳು. ಪಕ್ಕದ ಗೆಳತಿಗೆ "ಅಜ್ಜಿ ಕುಡಿಯೋ ಟಾನಿಕ್ ಥರ ಇದೆ ಅಲ್ವಾ?" ಅಂದು ಹಾಗೇ ವಾಪಸ್ ಇಟ್ಟಳು. ರುಚಿ ನೋಡಿ ಅಂತ ಹೇಳೋಷ್ಟರಲ್ಲಿ ಮುಂದಿನ ಅಂಗಡಿಗೆ ಹೋಗಿದ್ದಳು.

ಆಮೇಲೆ ಬಾಟಲಿಯನ್ನು ನಾನೇ ದೂರ ಇಟ್ಟು ನೋಡಿದೆ. ಚಿನ್ನದ ಬಣ್ಣದ ಅಂಚು, ದ್ರಾಕ್ಷಿ ಗೊಂಚಲಿನ ಚಿತ್ರ, ಶುದ್ಧ, ನೈಸರ್ಗಿಕ, ಆರೋಗ್ಯಕರ ಅಂತ ಸಾಲು ಸಾಲು ವಿಶೇಷಣ. ಅವಳ ತಪ್ಪೇನೂ ಇರಲಿಲ್ಲ.

ದ್ರಾಕ್ಷಿಯನ್ನು ಬಾಟಲಿಗೆ ಹಾಕಿ ಮಾರೋದರಲ್ಲಿ ಪಳಗಿದವರು ವೈನ್‌ನವರು. ಯುವಕರು ತಮ್ಮ ಬಾಟಲಿ ಮುಟ್ಟುತ್ತಿಲ್ಲ ಅನ್ನೋ ತಲೆನೋವು ಅವರಿಗೂ ಇದೆ. ಅವರು ಏನು ಮಾಡಿದರು ಅಂತ ಓದುತ್ತಾ ಹೋದೆ. ಕುಡಿಯಿರಿ ಅಂತ ಹೇಳೋ ಲೇಖನ ಅಲ್ಲ ಇದು. ನಾವು ಬೆಳೆದ ಹಣ್ಣು ಯಾವ ಅಂಗಿ ತೊಟ್ಟರೆ ಮಾರಾಟವಾಗುತ್ತೆ, ಆ ಅಂಗಿ ಯಾರದು ಅನ್ನೋದಷ್ಟೇ ನನ್ನ ಪ್ರಶ್ನೆ.

ಹಳೇ ಕಾಲದ ವೈನ್ ಲೇಬಲ್ ನೆನಪಿಸಿಕೊಳ್ಳಿ. ಒಂದು ಬಂಗಲೆಯ ಚಿತ್ರ, ಬಾಯಿಗೆ ಬರದ ಫ್ರೆಂಚ್ ಹೆಸರು, ಇಸವಿ. ಹೆಸರು ಹೇಳೋಕೆ ಬಾರದವನಿಗೆ ಅಂಗಡಿಯಲ್ಲಿ ಕೇಳೋಕೂ ಸಂಕೋಚ. ಸುಮ್ಮನೆ ಬಿಯರ್ ತಗೊಂಡು ಹೋಗುತ್ತಾನೆ.

ಈ ಸಂಕೋಚವನ್ನೇ ಹಿಡಿದು ಗೆದ್ದದ್ದು ಆಸ್ಟ್ರೇಲಿಯಾದ 'ಯೆಲ್ಲೋ ಟೇಲ್'. ನ್ಯೂ ಸೌತ್ ವೇಲ್ಸ್‌ನ ರಿವರೀನಾ ನಮ್ಮ ಕಾಲುವೆ ಸೀಮೆಗಳ ಹಾಗೆ ನೀರಾವರಿ ನಂಬಿದ ಪ್ರದೇಶ. ಅಲ್ಲಿನ ಯೆಂಡಾ ಎಂಬ ಸಣ್ಣ ಊರಲ್ಲಿ, ಇಟಲಿಯ ಸಿಸಿಲಿಯಿಂದ ವಲಸೆ ಬಂದ ಕಸೆಲ್ಲಾ ಕುಟುಂಬ ವೈನರಿ ನಡೆಸುತ್ತಿತ್ತು. 2001ರಲ್ಲಿ ಅವರು ಅಮೆರಿಕಕ್ಕೆ ಕಳಿಸಿದ ಬಾಟಲಿಯ ಮೇಲೆ ಇದ್ದದ್ದು ಹಳದಿ ಬಣ್ಣದಲ್ಲಿ ಜಿಗಿಯೋ ಪ್ರಾಣಿ. ಎಲ್ಲರೂ ಕಾಂಗರೂ ಅಂತಾರೆ, ನಿಜವಾಗಿ ಅದು ಕಾಂಗರೂ ಜಾತಿಯ ಚಿಕ್ಕ ಬಂಧು ವಾಲಬಿ. ಆ ಚಿತ್ರವನ್ನು ಇವರಿಗಾಗಿ ಬರೆದದ್ದೂ ಅಲ್ಲ. ಅಡಿಲೇಡ್‌ನ ವಿನ್ಯಾಸಗಾರ್ತಿಯೊಬ್ಬರು ಸಿದ್ಧಮಾಡಿ ಇಟ್ಟಿದ್ದ ರೆಡಿಮೇಡ್ ಲೇಬಲ್, ಇವರು ಕೊಂಡುಕೊಂಡರು ಅಷ್ಟೇ!

ಮೊದಲ ವರ್ಷ 25,000 ಪೆಟ್ಟಿಗೆ ಹೋದರೆ ಸಾಕು ಅಂದುಕೊಂಡಿದ್ದರಂತೆ. 13 ತಿಂಗಳಲ್ಲಿ ಹತ್ತು ಲಕ್ಷ ದಾಟಿತು.

ಇದನ್ನು ಓದಿ ನಾಳೆಯೇ ಲೇಬಲ್ ಮೇಲೆ ನವಿಲು ಹಾಕಿಸಬೇಡಿ. ಚಿತ್ರದ ಹಿಂದೆ ಅವರು ಮಾಡಿದ ಬೇರೆ ಕೆಲಸಗಳಿವೆ. ಶುರುವಿನಲ್ಲಿ ಬಿಟ್ಟದ್ದು ಎರಡೇ ಬಗೆ, ಶಾರ್ಡನೆ ಮತ್ತು ಶಿರಾಜ್. ಕೆಂಪಿಗೂ ಬಿಳಿಗೂ ಒಂದೇ ಆಕಾರದ ಬಾಟಲಿ. ಪಂಡಿತರ ಪದಗಳೆಲ್ಲ ಲೇಬಲ್‌ನಿಂದ ಔಟ್. ಒಳಗಿನ ವೈನ್ ಕೂಡ ಒಗರು ಕಮ್ಮಿ, ಸ್ವಲ್ಪ ಸಿಹಿ, ಬಿಯರ್ ಕುಡಿಯೋನಿಗೂ ಸಲೀಸಾಗಿ ಇಳಿಯೋ ಥರ. ಹೊರಗೆ 'ಇದು ಸುಲಭ' ಅಂತ ಲೇಬಲ್ ಹೇಳಿದ್ದನ್ನು ಒಳಗಿನ ರುಚಿ ಸುಳ್ಳು ಮಾಡಲಿಲ್ಲ. ಎರಡನೇ ಬಾಟಲಿ ಹೋದದ್ದು ಅದಕ್ಕೆ.

ಇನ್ನೊಂದು '19 ಕ್ರೈಮ್ಸ್'. ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಕೈದಿಗಳ ಫೋಟೋಗಳೇ ಅದರ ಲೇಬಲ್. ಯಾವ ತಪ್ಪಿಗೆ ಗಡೀಪಾರು ಆಗುತ್ತಿತ್ತು ಅನ್ನೋದು ಬಿರಡೆಯ ಮೇಲೆ. 2017ರಲ್ಲಿ ಒಂದು ಆ್ಯಪ್ ಬಂತು, ಫೋನ್ ಹಿಡಿದರೆ ಫೋಟೋದಲ್ಲಿರೋ ಕೈದಿ ಮಾತಾಡುತ್ತಾನೆ. ಜಾಣತನ ಒಪ್ಪಿಕೊಳ್ಳಬೇಕು. ಆದರೆ ಕೈದಿಯ ಕಥೆಯಲ್ಲಿ ದ್ರಾಕ್ಷಿ ತೋಟಕ್ಕೆ ಜಾಗವೇ ಇಲ್ಲ.

ನಮ್ಮ ದೇಶದಲ್ಲೂ ಸುಲಾದ 'ಡಿಯಾ', ಫ್ರಟೆಲ್ಲಿಯ 'ಟಿಲ್ಟ್' ಕ್ಯಾನ್‌ನಲ್ಲಿ ಬಂದಿವೆ. ಓಪನರ್ ಬೇಡ, ಒಬ್ಬರಿಗೆ ಬೇಕಾದಷ್ಟೇ ಅಳತೆ, ಬೇಗ ತಣ್ಣಗಾಗುತ್ತೆ. ಆದರೆ ಡಬ್ಬಿ ಬದಲಾದರೆ ಒಳಗಿನದ್ದೂ ಬದಲಾಗಬೇಕು. ವೈನ್ ಕೆಡದಂತೆ ಹಾಕೋ ಸಲ್ಫರ್ ಡೈಆಕ್ಸೈಡ್, ಕ್ಯಾನಿನ ಒಳಪದರ ದಾಟಿ ಅಲ್ಯೂಮಿನಿಯಂ ಮುಟ್ಟಿದರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನು ಅಧ್ಯಯನ ಮಾಡಿದ್ದಾರೆ. ಅದಕ್ಕೇ ಕ್ಯಾನಿಗೆ ಹೋಗೋ ವೈನ್‌ನಲ್ಲಿ ಅದರ ಪ್ರಮಾಣ ಕಮ್ಮಿ ಇಡಬೇಕು. ಪ್ಯಾಕಿಂಗ್ ಅಂದರೆ ಬರೀ ಚಂದ ಅಲ್ಲ, ರಸಾಯನಶಾಸ್ತ್ರವೂ ಹೌದು.

ಈಗ ನನ್ನನ್ನು ಕಾಡಿದ ವಿಷಯಕ್ಕೆ ಬರ್ತೀನಿ. ಯೆಲ್ಲೋ ಟೇಲ್ ಲೋಕಪ್ರಸಿದ್ಧವಾಯಿತು, ಸರಿ. ಅದೇ ರಿವರೀನಾದ ಕೆಂಪು ದ್ರಾಕ್ಷಿ ರೈತರು ಇತ್ತೀಚಿನ ವರ್ಷಗಳಲ್ಲಿ ಬೆಳೆದ ಖರ್ಚೂ ಹುಟ್ಟದೆ ಬಳ್ಳಿ ಕಿತ್ತು ಹಾಕಿದ್ದಾರೆ. ಜಗತ್ತಿನಲ್ಲೇ ಕೆಂಪು ವೈನಿಗೆ ಬೇಡಿಕೆ ಇಳಿಯಿತು. ಜೊತೆಗೆ ಚೀನಾ ಆಸ್ಟ್ರೇಲಿಯಾದ ವೈನ್ ಮೇಲೆ ಹಾಕಿದ ಭಾರಿ ಸುಂಕ 2024ರ ಮಾರ್ಚ್‌ವರೆಗೂ ಇತ್ತು. ಲೇಬಲ್ ಎಷ್ಟೇ ಫೇಮಸ್ ಆಗಲಿ, ಟನ್ ಲೆಕ್ಕದಲ್ಲಿ ಹಣ್ಣು ಹಾಕುವವನ ಹೆಸರು ಅದರ ಮೇಲಿಲ್ಲ. ರೇಟು ಬಿದ್ದಾಗ ಅವನ ಪರ ಮಾತಾಡೋಕೆ ಗಿರಾಕಿಯೂ ಇಲ್ಲ.

ನಮ್ಮ ಕಡೆ ನೋಡಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ 'ಬೆಂಗಳೂರು ಬ್ಲೂ' ದ್ರಾಕ್ಷಿಗೆ 2013ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಜ್ಯೂಸಿಗೂ ಹೋಗುತ್ತೆ, ಅಗ್ಗದ ಸಿಹಿ ಪೋರ್ಟ್ ವೈನಿಗೂ ಹೋಗುತ್ತೆ. ಆದರೆ ನಾನು ಅಂಗಡಿಗಳಲ್ಲಿ ನೋಡಿದ ಮಟ್ಟಿಗೆ ಬಾಟಲಿಯ ಮುಂಭಾಗದಲ್ಲಿ ಆ ಹೆಸರನ್ನು ದೊಡ್ಡದಾಗಿ ಹಾಕಿದವರಿಲ್ಲ. ಮೂಗಿಗೆ ಘಮ್ಮೆನ್ನೋ ಆ ವಾಸನೆಯನ್ನು ವೈನ್ ಪಂಡಿತರು ಒಪ್ಪಲ್ಲ. ನಮ್ಮ ಹುಡುಗರು ಅದೇ ವಾಸನೆಯಲ್ಲಿ ಬೆಳೆದವರು ತಾನೆ?

ಹಾಗಾಗಿ ನಮ್ಮ ಲೇಬಲ್ ಬದಲಿಸಿದೆವು. ಅಂಚು, ವಿಶೇಷಣ ಎಲ್ಲ ತೆಗೆದು, ಬಿಳಿ ಹಾಳೆ ಮೇಲೆ ನೀಲಿ ಅಕ್ಷರದಲ್ಲಿ ದ್ರಾಕ್ಷಿ, ಊರು, ಕೊಯ್ಲಿನ ತಿಂಗಳು. ಹಿಂದೆ ಒಂದು ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದರೆ ತೋಟದ ವಿಡಿಯೋ. ನೋಡೋಕೆ ಚೆನ್ನಾಗಿತ್ತು. ಒಂದು ಅಂಗಡಿಯ ಫ್ರಿಜ್‌ನಲ್ಲಿ ಎರಡು ದಿನ ಇದ್ದು ಹೊರಬಂದಾಗ ಬಾಟಲಿ ಬೆವರಿ, ಇಂಕು ಹರಿದು, ಊರ ಹೆಸರೇ ಅಳಿಸಿಹೋಗಿತ್ತು. ಅಂಗಡಿಯವರು "ಏನಣ್ಣ ಇದು, ಹೋಳಿ ಆಡಿದ್ದೀರಾ?" ಅಂತ ನಕ್ಕು ಅಷ್ಟನ್ನೂ ವಾಪಸ್ ಕೊಟ್ಟರು.

ತಣ್ಣಗೆ ಮಾರೋ ಯಾವುದಕ್ಕೂ ಸಾದಾ ಕಾಗದದ ಲೇಬಲ್ ಬೇಡ, ಪ್ಲಾಸ್ಟಿಕ್ ಫಿಲ್ಮಿನದ್ದು ಕೇಳಿ. ಪ್ರಿಂಟರ್‌ನವರು ಸಾವಿರಗಟ್ಟಲೆ ಹಾಕಿಸಿ ಅಂತಾರೆ, ಮೊದಲು ಹತ್ತು ಸ್ಯಾಂಪಲ್ ತಗೊಳ್ಳಿ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಹೊರಗೆ ತೆಗೆದು ಒಂದು ಗಂಟೆ ಬಿಟ್ಟು ಹೆಬ್ಬೆರಳಲ್ಲಿ ಉಜ್ಜಿ ನೋಡಿ. ಫೋಟೋ ತೆಗೆದು ಫೋನಿನಲ್ಲಿ ಉಗುರಿನಷ್ಟು ಚಿಕ್ಕದು ಮಾಡಿ, ಆಗಲೂ ಹೆಸರು ಓದೋಕೆ ಬರಬೇಕು. ಆನ್‌ಲೈನ್‌ನಲ್ಲಿ ಗಿರಾಕಿ ನೋಡೋದು ಅಷ್ಟೇ ಗಾತ್ರದಲ್ಲಿ.

ಇನ್ನೊಂದು ಮಾತು. ಜಿಐ ಹೆಸರನ್ನು ಬಳಸಬೇಕಾದರೆ ಬೆಳೆಗಾರ ಚೆನ್ನೈನ ಜಿಐ ರಿಜಿಸ್ಟ್ರಿಯಲ್ಲಿ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬೇಕು, ಅದಕ್ಕೆ ಫಾರ್ಮ್ ಜಿಐ-3 ತುಂಬಬೇಕು. ನಾವು ಈ ವರ್ಷ ತುಂಬಿದ್ದೇವೆ. ಅದು ಬರೋವರೆಗೆ ಬಾಟಲಿ ಮೇಲೆ ಬರೀ 'ನೀಲಿ ದ್ರಾಕ್ಷಿ' ಮತ್ತು ಊರ ಹೆಸರು. ಈ ಸಲ ಐನೂರು ಲೇಬಲ್ ಮಾತ್ರ ಪ್ರಿಂಟ್ ಮಾಡಿಸಿದ್ದೀನಿ, ಫಿಲ್ಮಿನವು.